ಭತ್ತದ ಗದ್ದೆಯಲ್ಲಿ ಎಣ್ಣೆ ಬಾವಿ: ಊರಿನವರನ್ನು ಕೇಳಿದವರು ಯಾರು?

ತಂಜಾವೂರು, ತಿರುವಾರೂರು ಕಡೆಯ ಕಾವೇರಿ ಬಯಲು ನಮಗೆ ನೆನಪಾಗುವುದು ನೀರಿನ ಜಗಳ ಬಂದಾಗ ಮಾತ್ರ, ಅಲ್ವಾ? ಆದರೆ ಅಲ್ಲಿನ ರೈತರು ವರ್ಷಗಟ್ಟಲೆ ಇನ್ನೊಂದು ಹೋರಾಟ ಮಾಡಿದ್ದಾರೆ. ಗದ್ದೆಯ ಕೆಳಗಿರುವ ಎಣ್ಣೆ ಮತ್ತು ಗ್ಯಾಸ್ ತೆಗೆಯಬಾರದು ಅಂತ.

ಕೇಂದ್ರ ಸರ್ಕಾರದ ತೈಲ ಕಂಪನಿ ಒಎನ್‌ಜಿಸಿ ಅಲ್ಲಿ ದಶಕಗಳಿಂದ ಬಾವಿ ಕೊರೆಯುತ್ತಿದೆ. ಜನ ಎದ್ದು ನಿಂತದ್ದು 2010ರಲ್ಲಿ ಮನ್ನಾರ್‌ಗುಡಿ ಸುತ್ತಮುತ್ತ ಕಲ್ಲಿದ್ದಲ ಪದರದಿಂದ ಮೀಥೇನ್ ತೆಗೆಯುವ ಗುತ್ತಿಗೆ ಖಾಸಗಿ ಕಂಪನಿಗೆ ಹೋದಮೇಲೆ. ಈ ಗ್ಯಾಸ್ ಸುಮ್ನೆ ಮೇಲೆ ಬರುವುದಿಲ್ಲ. ಪದರದಲ್ಲಿರುವ ನೀರನ್ನು ಮೊದಲು ಪಂಪ್ ಮಾಡಿ ಹೊರಗೆ ಹಾಕಬೇಕು, ಒತ್ತಡ ಇಳಿದಮೇಲೇ ಅದು ಬಿಡಿಸಿಕೊಂಡು ಬರುತ್ತದೆ. ಸಮುದ್ರ ಹತ್ತಿರದಲ್ಲೇ ಇದೆ. ಅಂತರ್ಜಲ ಇಳಿದರೆ ಉಪ್ಪುನೀರು ಒಳಗೆ ನುಗ್ಗುತ್ತದೆ, ಆಮೇಲೆ ಭತ್ತ ಎಲ್ಲಿಯದು? ಸಾವಯವ ಕೃಷಿಯ ನಮ್ಮಾಳ್ವಾರ್ ಊರೂರು ತಿರುಗಿ ಇದರ ವಿರುದ್ಧ ಮಾತಾಡಿದರು, 2013ರ ಡಿಸೆಂಬರ್‌ನಲ್ಲಿ ಆ ಓಡಾಟದ ನಡುವೆಯೇ ತೀರಿಕೊಂಡರು. 2015ರಲ್ಲಿ ತಮಿಳುನಾಡು ಸರ್ಕಾರ ಯೋಜನೆ ಬೇಡ ಎಂದಿತು.

ದಿಲ್ಲಿಯ ಚಿಂತೆಯೂ ಸುಳ್ಳಲ್ಲ. ತೈಲ ಆಮದಿನ ಅವಲಂಬನೆಯನ್ನು 2022ರೊಳಗೆ ಶೇ 10ರಷ್ಟು ಇಳಿಸಬೇಕು ಅಂತ ಪ್ರಧಾನಿ ಮೋದಿ 2015ರಲ್ಲಿ ಗುರಿ ಇಟ್ಟಿದ್ದರು. ಮುಂದೆ ಅದು ಇಳಿಯುವ ಬದಲು ಶೇ 85 ದಾಟಿತು. ಆ ಗುರಿ ಮುಟ್ಟಬೇಕಾದರೆ ಸಣ್ಣಪುಟ್ಟ ನಿಕ್ಷೇಪಗಳನ್ನೂ ಬಿಡುವಂತಿರಲಿಲ್ಲ. 2017ರ ಫೆಬ್ರುವರಿ 15ರಂದು ಕೇಂದ್ರ ಸಂಪುಟ ಅಂಥ 31 ಪ್ರದೇಶಗಳಿಗೆ ಒಪ್ಪಿಗೆ ಕೊಟ್ಟಿತು. ಪುದುಕೋಟೆ ಜಿಲ್ಲೆಯ ನೆಡುವಾಸಲ್ ಅದರಲ್ಲಿ ಒಂದು, ಗುತ್ತಿಗೆ ಸಿಕ್ಕಿದ್ದು ನಮ್ಮ ಕರ್ನಾಟಕದ ಕಂಪನಿಗೆ. ಮರುದಿನವೇ ಊರಿನವರು ಧರಣಿ ಕೂತರು. ಹೆಂಗಸರು, ಮಕ್ಕಳು, ಕಾಲೇಜು ಹುಡುಗರು, ಎಲ್ಲರೂ.

ಅದೇ ವರ್ಷ ಜೂನ್ 30ರಂದು ತಂಜಾವೂರು ಜಿಲ್ಲೆಯ ಕದಿರಾಮಂಗಲಂನಲ್ಲಿ ಒಎನ್‌ಜಿಸಿ ಪೈಪ್ ಒಡೆದು ಕಚ್ಚಾ ಎಣ್ಣೆ ಹೊಲಕ್ಕೆ ಹರಿಯಿತು. ಜಿಲ್ಲಾಧಿಕಾರಿ ಬಂದು ಉತ್ತರ ಹೇಳಲಿ ಅಂತ ಜನ ಅಲ್ಲೇ ಕೂತರು. ಬಂದದ್ದು ಲಾಠಿ. ಅಲ್ಲಿಯವರೆಗೆ ಇದು ಬರೀ ಭಯ ಎನ್ನಬಹುದಿತ್ತು, ಆವತ್ತು ಎಣ್ಣೆ ಕಣ್ಣೆದುರೇ ಮಣ್ಣಿನ ಮೇಲೆ ನಿಂತಿತ್ತು.

ಇಷ್ಟಾದ ಮೇಲೂ 2020ರ ಜನವರಿಯಲ್ಲಿ ಕೇಂದ್ರ ನಿಯಮ ಬದಲಿಸಿ, ತೈಲ ಹುಡುಕಲು ಬಾವಿ ಕೊರೆಯುವಾಗ ಊರಿನವರ ಅಹವಾಲು ಕೇಳಬೇಕಿಲ್ಲ ಎಂದಿತು. ನನಗೆ ತುಂಬಾ ನೋವಾದದ್ದು ಇಲ್ಲಿ. ಎಣ್ಣೆ ಬೇಕೋ ಬೇಡವೋ ಅನ್ನುವುದು ಆಮೇಲಿನ ಮಾತು, ಹೊಲದವನನ್ನು ಒಂದು ಮಾತು ಕೇಳಬೇಡವೇ? ಮುಂದಿನ ತಿಂಗಳೇ ತಮಿಳುನಾಡಿನ ಪಳನಿಸ್ವಾಮಿ ಸರ್ಕಾರ ಕಾವೇರಿ ಬಯಲನ್ನು ಸಂರಕ್ಷಿತ ಕೃಷಿ ವಲಯ ಮಾಡುವ ಕಾನೂನು ತಂದಿತು. ಒಳ್ಳೆಯ ಕೆಲಸ, ಆದರೆ ಆಗಲೇ ನಡೆಯುತ್ತಿದ್ದ ಬಾವಿಗಳನ್ನು ಅದು ಮುಟ್ಟಲಿಲ್ಲ. 2021ರ ಜೂನ್‌ನಲ್ಲಿ ಕೇಂದ್ರದ ಹೊಸ ಹರಾಜು ಪಟ್ಟಿ ಬಂತು. ಅದರಲ್ಲಿ ಪುದುಕೋಟೆ ಜಿಲ್ಲೆಯದೇ ಇನ್ನೊಂದು ಹೆಸರಿತ್ತು, ವಡತೆರು. ಅದನ್ನು ಕೈಬಿಡಿ ಅಂತ ಈ ಸಲ ಮೋದಿಗೆ ಪತ್ರ ಬರೆದವರು ಹೊಸ ಮುಖ್ಯಮಂತ್ರಿ ಸ್ಟಾಲಿನ್.