ತಾರೀಖಿನ ಕೆಲಸ ಹನ್ನೆರಡಕ್ಕೆ ಶುರುವಾಗುವುದಿಲ್ಲ

ಬೆಳಗಾವಿಯ ಖಡೇ ಬಜಾರಿನ ಚಿಕ್ಕ ರಿಪೇರಿ ಅಂಗಡಿಯೊಂದರಲ್ಲಿ ನನ್ನ ತಂದೆಯವರ ಕೈಗಡಿಯಾರದ ಡಯಲ್ ತೆಗೆದಿಟ್ಟಾಗ, ಅದರ ಕೆಳಗೆ 1ರಿಂದ 31ರವರೆಗೆ ಅಂಕಿ ಬರೆದ, ಬಳೆಯಂಥ ತೆಳುವಾದ ಚಕ್ರವೊಂದು ಕಂಡಿತು. ಬಳೆಯ ಒಳ ಅಂಚಿನಲ್ಲಿ 31 ಹಲ್ಲುಗಳಿದ್ದವು. ಅವುಗಳ ಪಕ್ಕದ ಪುಟ್ಟ ಗಾಲಿಯ ಮೇಲೆ ಜೋಳದ ನುಚ್ಚಿನಷ್ಟೇ ಇದ್ದ ಒಂದು ಬೆರಳಿತ್ತು; ಅದರ ತುದಿ ಬಾಗಿತ್ತು. ತಿಂಗಳುಗಟ್ಟಲೆ ಕಪಾಟಿನಲ್ಲಿ ನಿಂತಿದ್ದ ಆ ಗಡಿಯಾರಕ್ಕೆ ಒಂದು ರಾತ್ರಿ ಹತ್ತೂವರೆಗೆ ಚಾವಿ ಕೊಟ್ಟು, ಸಮಯ ಹೊಂದಿಸಿ, ಆ ಬಳಿಕ ಅವಸರದಲ್ಲಿ ತಾರೀಖು ತಿರುಗಿಸಿದವನು ನಾನೇ.

ತಾರೀಖು ಮಧ್ಯರಾತ್ರಿ ಹನ್ನೆರಡಕ್ಕೆ ಟಕ್ಕನೆ ಬದಲಾಗುತ್ತದೆ ಎಂದು ನಾವೆಲ್ಲ ತಿಳಿದಿರುತ್ತೇವೆ. ಡಯಲಿನ ಪುಟ್ಟ ತಾರೀಖಿನ ಕಿಟಕಿಯಲ್ಲಿ ಕಾಣುವುದು ಹೆಚ್ಚುಕಡಿಮೆ ಹಾಗೆಯೇ. ಆದರೆ ಡಯಲಿನ ಕೆಳಗೆ ಆ ಕೆಲಸ ರಾತ್ರಿಯೂಟದ ಹೊತ್ತಿಗೇ ಆರಂಭವಾಗಿರುತ್ತದೆ. ಗಂಟೆಮುಳ್ಳನ್ನು ಹೊತ್ತ ಗಾಲಿ 12 ಗಂಟೆಗೆ ಒಂದು ಸುತ್ತು ಬಂದರೆ, ಅದಕ್ಕೆ ಜೋಡಿಸಿದ ತಾರೀಖಿನ ಗಾಲಿ 24 ಗಂಟೆಗೆ ಒಂದು ಸುತ್ತು ಬರುತ್ತದೆ. ಈ ಗಾಲಿಯ ಬೆರಳು ಸಾಮಾನ್ಯವಾಗಿ ರಾತ್ರಿ ಒಂಬತ್ತರ ಸುಮಾರಿಗೆ ಬಳೆಯ ಒಂದು ಹಲ್ಲನ್ನು ಮುಟ್ಟಿ, ಅತಿ ನಿಧಾನವಾಗಿ ತಳ್ಳತೊಡಗುತ್ತದೆ. ಬಳೆ ಅಲ್ಲಾಡದಂತೆ ಹಲ್ಲುಗಳ ಸಂದಿಯಲ್ಲಿ ಮೂಗು ತೂರಿಸಿ ಕುಳಿತ ಸ್ಪ್ರಿಂಗಿನ ಲಿವರೊಂದು ಆ ಒತ್ತಡಕ್ಕೆ ಹಿಂದೆ ಸರಿಯುತ್ತ ಹೋಗಿ, ಹಲ್ಲಿನ ತುದಿ ದಾಟಿದೊಡನೆ ಮುಂದಿನ ಸಂದಿಗೆ ಬೀಳುತ್ತದೆ. ನಾವು ನೋಡುವ ಜಿಗಿತ ಅದೇ. ಜಿಗಿತ ಮುಗಿದ ಮೇಲೂ ಬೆರಳು ಹಲ್ಲುಗಳ ನಡುವಿನಿಂದ ಪೂರ್ತಿ ಹೊರಬರಲು ನಸುಕಿನ ಎರಡು ಮೂರು ಗಂಟೆಯಾಗುತ್ತದೆ. ವಾರವನ್ನೂ ತೋರಿಸುವ ಗಡಿಯಾರಗಳಲ್ಲಿ ತಾರೀಖಿನ ಬೆನ್ನಿಗೆ ವಾರದ ಚಕ್ರ ಸರಿಯಬೇಕಾದ್ದರಿಂದ ಇನ್ನಷ್ಟು ತಡವಾಗಬಹುದು.

ಬೆರಳು ಹಲ್ಲಿಗೆ ಸಿಕ್ಕಿಕೊಂಡಿರುವ ಈ ಹೊತ್ತಿನಲ್ಲಿ ಚಾವಿ ಕೊಡುವ ಗುಂಡಿಯನ್ನು ನಡುವಿನ ಹಂತಕ್ಕೆ ಎಳೆದು ತಾರೀಖು ತಿರುಗಿಸಿದರೆ, ಬಳೆ ತಿರುಗಲು ಹವಣಿಸುತ್ತದೆ, ಬೆರಳು ಅಡ್ಡ ನಿಲ್ಲುತ್ತದೆ. ಮುಳ್ಳುಗಳ ವಿಷಯದಲ್ಲಿ ಇಂಥ ಭಯವಿಲ್ಲ, ಏಕೆಂದರೆ ನಿಮಿಷದ ಮುಳ್ಳನ್ನು ಹೊತ್ತ ಕೊಳವೆ ತನ್ನ ಅಕ್ಷದ ಮೇಲೆ ಬಿಗಿಯಾಗಿ ಕೂತಿದ್ದರೂ ನಾವು ತಿರುಗಿಸಿದಾಗ ಜಾರುವಂತೆ ಮಾಡಲ್ಪಟ್ಟಿದೆ. ಅನೇಕ ಗಡಿಯಾರಗಳ ತಾರೀಖಿನ ಬೆರಳಿಗೆ ಅಂಥ ಜಾರುವಿಕೆ ಇಲ್ಲ. ಬಾಗುವ ಬೆರಳನ್ನಿಟ್ಟ ಯಂತ್ರಗಳೂ ಇವೆಯಾದರೂ, ಹೊರಗಿನಿಂದ ನೋಡಿ ಅದನ್ನು ಹೇಳಲಾಗದು.

ರಾತ್ರಿ ತಾರೀಖು ಮುಟ್ಟಬಾರದು ಎಂದರೆ ಸಾಲದು. ಪಂಚಾಂಗದ ದಿನ ಸೂರ್ಯೋದಯಕ್ಕೆ ಹುಟ್ಟುತ್ತದೆ. ಗಡಿಯಾರಕ್ಕೆ ಸೂರ್ಯನ ಸಂಗತಿಯೇ ತಿಳಿಯದು. ನಿಂತ ಗಡಿಯಾರದ ಮುಳ್ಳುಗಳು ಹತ್ತು ಗಂಟೆ ತೋರಿಸುತ್ತಿದ್ದರೆ ಅದು ಬೆಳಗಿನ ಹತ್ತೋ ರಾತ್ರಿಯ ಹತ್ತೋ ಎಂಬುದು ಮುಖದ ಮೇಲೆ ಕಾಣುವುದಿಲ್ಲ, ಒಳಗಿನ ಆ 24 ಗಂಟೆಯ ಗಾಲಿಗೆ ಮಾತ್ರ ಗೊತ್ತು. ಹೊರಗೆ ಹಾಡುಹಗಲು ಇದ್ದರೂ ಒಳಗೆ ರಾತ್ರಿ ಹತ್ತಾಗಿರಬಹುದು.

ಆದ್ದರಿಂದ ಮೊದಲು ಸ್ವಲ್ಪ ಚಾವಿ ಕೊಟ್ಟು, ಗುಂಡಿಯನ್ನು ಕೊನೆಯ ಹಂತಕ್ಕೆ ಎಳೆದು, ತಾರೀಖು ಜಿಗಿಯುವವರೆಗೆ ಮುಳ್ಳುಗಳನ್ನು ಮುಂದಕ್ಕೇ ತಿರುಗಿಸಬೇಕು. ಜಿಗಿದ ಹನ್ನೆರಡು ಮಧ್ಯರಾತ್ರಿಯದು. ಅಲ್ಲಿ ನಿಲ್ಲಿಸದೆ ಮುಳ್ಳುಗಳೆರಡೂ ಕೆಳಗಿಳಿದು ಆರೂವರೆ ತೋರುವವರೆಗೆ ತಂದರೆ ಬೆರಳು ಹಲ್ಲುಗಳಿಂದ ದೂರ ಸರಿದಿರುತ್ತದೆ. ಆಗ ಗುಂಡಿಯನ್ನು ನಡುವಿನ ಹಂತಕ್ಕೆ ಒತ್ತಿ ನಿನ್ನೆಯ ತಾರೀಖನ್ನು ಇಡಬೇಕು, ಇವತ್ತಿನದನ್ನಲ್ಲ. ಮತ್ತೆ ಕೊನೆಯ ಹಂತಕ್ಕೆಳೆದು ಮುಳ್ಳುಗಳನ್ನು ಮುನ್ನಡೆಸಿದರೆ, ಮಧ್ಯರಾತ್ರಿ ದಾಟುವಾಗ ಇವತ್ತಿನ ತಾರೀಖು ತಾನಾಗಿಯೇ ಬಂದು ನಿಲ್ಲುತ್ತದೆ. ಈಗಿನ ಹೊತ್ತು ಮಧ್ಯಾಹ್ನದ ನಂತರದ್ದಾಗಿದ್ದರೆ ಇನ್ನೊಮ್ಮೆ ಹನ್ನೆರಡನ್ನು ದಾಟಿಸಬೇಕು. ಈ ಕ್ರಮ ನನಗೆ ಬಹಳ ಹಿಡಿಸಿದ್ದು, ಬೆಳಗು ಸಂಜೆಗಳ ಗೊಂದಲವೂ ಇದರೊಂದಿಗೇ ತೀರುತ್ತದೆಂಬ ಕಾರಣಕ್ಕೆ. ಮುಳ್ಳುಗಳನ್ನು ಹಿಂದಕ್ಕೆ ತಿರುಗಿಸಿ ಮಧ್ಯರಾತ್ರಿ ದಾಟಿಸುವುದನ್ನು ಮಾತ್ರ ಮಾಡದಿರುವುದು ಕ್ಷೇಮ.

1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡತೊಡಗಿದ ಎಚ್‌ಎಂಟಿಯ ‘ಜನತಾ’ ಇಂದಿಗೂ ಎಷ್ಟೋ ಮನೆಗಳಲ್ಲಿದೆ. ಅದಕ್ಕೆ ತಾರೀಖೇ ಇಲ್ಲದ್ದರಿಂದ ಯಾವ ಹೊತ್ತಿನಲ್ಲಾದರೂ ಹೊಂದಿಸಬಹುದು. ತಾರೀಖಿರುವ ಹಳೆಯ ಗಡಿಯಾರಗಳನ್ನು ಇಟ್ಟುಕೊಂಡವರು ಹೆಚ್ಚು ಜಾಗ್ರತೆ ವಹಿಸಬೇಕು. ನನ್ನ ಗಡಿಯಾರಕ್ಕೆ ಹೊಸ ಬೆರಳು ಸಿಗಲಿಲ್ಲ. ರಿಪೇರಿಯವರು ಬಾಗಿದ್ದನ್ನೇ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಚಿಮಟದಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿಪಡಿಸಿದರು.

ದಿನವೂ ಕಟ್ಟುವವರಿಗೆ ವರ್ಷದಲ್ಲಿ ಐದೇ ಸಲ ತಾರೀಖು ತಿದ್ದುವ ಕೆಲಸ ಬೀಳುತ್ತದೆ, ಏಕೆಂದರೆ ಬಳೆಗೆ ಪ್ರತಿ ತಿಂಗಳೂ 31 ದಿನಗಳೇ. ಮೇ, ಜುಲೈ, ಅಕ್ಟೋಬರ್, ಡಿಸೆಂಬರ್ ತಿಂಗಳ ಮೊದಲ ದಿನ ಕಿಟಕಿಯಲ್ಲಿ 31 ಇರುತ್ತದೆ, ಒಂದು ಹಲ್ಲು ಮುಂದೂಡಿದರೆ ಆಯಿತು. ಮಾರ್ಚ್ 1ರಂದು 29 ಇರುತ್ತದೆ, ಮೂರು ಹಲ್ಲು. ಅಧಿಕ ವರ್ಷವಾದರೆ 30, ಎರಡು ಹಲ್ಲು. ಆ ಐದೂ ದಿನ ನಾನು ಬೆಳಗಿನ ಚಹಾ ಕುಡಿದಾದ ಮೇಲೆಯೇ, ಗಂಟೆಮುಳ್ಳು ಆರು ದಾಟಿದ್ದನ್ನು ನೋಡಿಕೊಂಡು, ಗುಂಡಿಗೆ ಕೈ ಹಾಕುತ್ತೇನೆ.