ಅಣು ಅವಘಡವಾದರೆ ದುಡ್ಡು ಯಾರದು? ಒಂದು ಕಾನೂನು ನಡೆದು ಬಂದ ದಾರಿ

ದೆಹಲಿಯಲ್ಲಿ ಯಾವ ಪಕ್ಷ ಕೂತರೂ ಪರಮಾಣು ವಿದ್ಯುತ್ತಿಗೆ ಬೆಂಬಲ ತಪ್ಪಿಲ್ಲ. ಆದರೂ ದೇಶದ ಒಟ್ಟು ವಿದ್ಯುತ್ತಿನಲ್ಲಿ ಅದರ ಪಾಲು ಶೇ 3ರ ಆಸುಪಾಸಿನಿಂದ ಮೇಲೇಳುತ್ತಿಲ್ಲ. ಜಮೀನು, ಬಂಡವಾಳ, ಯುರೇನಿಯಂ ಹೀಗೆ ಕಾರಣ ಹಲವು. ಇವೆಲ್ಲದರ ನಡುವೆ 2010ರಿಂದೀಚೆಗೆ ಹೆಚ್ಚು ಕಗ್ಗಂಟಾಗಿರುವುದು ಹೊಣೆಗಾರಿಕೆಯ ಪ್ರಶ್ನೆ.

1962ರ ಅಣುಶಕ್ತಿ ಕಾಯ್ದೆಯ ಕಾಲದಲ್ಲಿ ಈ ಪ್ರಶ್ನೆ ಏಳಲಿಲ್ಲ. ಸ್ಥಾವರವೂ ಸರ್ಕಾರದ್ದು, ನಷ್ಟವೂ ಸರ್ಕಾರದ್ದು. 1974ರ ಪೋಖ್ರಾನ್ ಸ್ಫೋಟದ ನಂತರ ಹೊರದೇಶಗಳು ಬಾಗಿಲು ಹಾಕಿದವು. ರಷ್ಯಾ ನೆರವಿನ ಕೂಡಂಕುಳಂ ಬಿಟ್ಟರೆ ಮುಂದೆ ಕಟ್ಟಿದ್ದೆಲ್ಲ ದೇಶೀ ವಿನ್ಯಾಸದ್ದೇ, ನಮ್ಮ ಕೈಗಾದ 220 ಮೆಗಾವಾಟಿನ ನಾಲ್ಕು ಘಟಕಗಳೂ ಸೇರಿ. 2008ರ ಭಾರತ–ಅಮೆರಿಕ ಒಪ್ಪಂದದಿಂದ ಬಾಗಿಲು ತೆರೆಯಿತು. ಜಗತ್ತಿನ ಹೆಚ್ಚಿನ ಕಡೆ ಹೊಣೆಯೆಲ್ಲ ಸ್ಥಾವರ ನಡೆಸುವವನದು, ಯಂತ್ರ ಕೊಟ್ಟವನದಲ್ಲ. ಇಲ್ಲೂ ಹಾಗೇ ಆಗಲೆಂದು ವಿದೇಶಿ ಕಂಪನಿಗಳು ಬಯಸಿದವು.

2010ರ ಮೇನಲ್ಲಿ ಬಂದ ಅಣು ಹೊಣೆಗಾರಿಕೆ ಮಸೂದೆ ನಿರ್ವಾಹಕನ, ಅಂದರೆ ಸ್ಥಾವರ ನಡೆಸುವವನ, ಹೊಣೆಯನ್ನು ₹500 ಕೋಟಿಗೆ ನಿಲ್ಲಿಸಿತ್ತು. ಜೂನ್ 7ರಂದು ಭೋಪಾಲ್ ಅನಿಲ ದುರಂತದ ತೀರ್ಪು ಬಂತು. ಸಾವಿರಾರು ಸಾವಿಗೆ ಎರಡು ವರ್ಷದ ಜೈಲು! ಆ ಸಿಟ್ಟಿನ ನಡುವೆ ಪೂರೈಕೆದಾರನನ್ನು ಪೂರ್ತಿ ಬಿಟ್ಟುಬಿಡುವ ಧೈರ್ಯ ಸಂಸತ್ತಿನಲ್ಲಿ ಯಾರಿಗೂ ಉಳಿಯಲಿಲ್ಲ. ಮಿತಿ ₹1,500 ಕೋಟಿಗೆ ಏರಿತು. 17(ಬಿ) ಕಲಂ ಸೇರಿತು: ದೋಷಯುಕ್ತ ಉಪಕರಣ ಅಥವಾ ಕಳಪೆ ಸೇವೆಯಿಂದ ಅವಘಡವಾದರೆ, ತಾನು ಕೊಟ್ಟ ಪರಿಹಾರವನ್ನು ನಿರ್ವಾಹಕ ಪೂರೈಕೆದಾರನಿಂದ ವಸೂಲಿ ಮಾಡಬಹುದು.

₹40 ಲಕ್ಷದ ಕವಾಟ ಪೂರೈಸಿದವನೊಬ್ಬ ಇದ್ದಾನೆ ಎಂದಿಟ್ಟುಕೊಳ್ಳಿ. ಕಾಯ್ದೆಯನ್ನಷ್ಟೇ ಓದಿದರೆ ಅವನ ತಲೆಯ ಮೇಲೆ ₹1,500 ಕೋಟಿ ತೂಗುತ್ತದೆ. 2011ರ ನಿಯಮಾವಳಿಯ 24ನೇ ನಿಯಮ ಇದಕ್ಕೆ ಕಡಿವಾಣ ಹಾಕಿತು: ನಿರ್ವಾಹಕನ ಹೊಣೆ, ಗುತ್ತಿಗೆಯ ಮೌಲ್ಯ ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಅಂದರೆ 40 ಲಕ್ಷ. ಹಾಗಾದರೆ ಭಯವೇಕೆ? ನಿಯಮ ಮೂಲ ಕಾಯ್ದೆಯನ್ನು ಮೀರುವಂತಿಲ್ಲ. ನಾಳೆ ನ್ಯಾಯಾಲಯ ನಿಯಮವನ್ನೇ ತಳ್ಳಿಹಾಕಬಹುದು. ಸಾಲದ್ದಕ್ಕೆ 46ನೇ ಕಲಂ ಬೇರೆ ಕಾನೂನುಗಳಡಿ ನಿರ್ವಾಹಕನ ಮೇಲೆ ದಾವೆಗೆ ಅವಕಾಶ ಉಳಿಸಿತ್ತು. ಅದು ತಮ್ಮ ಕೊರಳಿಗೂ ಸುತ್ತಿಕೊಂಡೀತು ಎಂಬ ಅಳುಕು ಪೂರೈಕೆದಾರರದು.

‘ಪೂರೈಕೆದಾರ’ ಯಾರೆಂಬುದೂ ಸಲೀಸಾಗಿರಲಿಲ್ಲ. ನಿಯಮದ ಪ್ರಕಾರ ವಿವರವಾದ ನಕ್ಷೆ ಕೊಟ್ಟು ಮಾಡಿಸಿಕೊಂಡು, ವಿನ್ಯಾಸ ಮತ್ತು ಗುಣಮಟ್ಟದ ಜವಾಬ್ದಾರಿ ಹೊತ್ತವನೂ ಪೂರೈಕೆದಾರನೇ. ದೇಶೀ ಭಾರಜಲ ರಿಯಾಕ್ಟರುಗಳಿಗೆ ನಕ್ಷೆ ಕೊಡುವುದು, ಅವನ್ನು ನಡೆಸುವ ಸರ್ಕಾರಿ ಕಂಪನಿಯಾದ ಎನ್‌ಪಿಸಿಐಎಲ್. ಹಾಗಾಗಿ ಅದೇ ನಿರ್ವಾಹಕ, ಅದೇ ಪೂರೈಕೆದಾರ! ಅದರ ನಕ್ಷೆಯಂತೆ ಬಿಡಿಭಾಗ ಕಡೆದುಕೊಡುವ ವರ್ಕ್‌ಶಾಪಿನವನು ಹೆದರಬೇಕಿರಲಿಲ್ಲ. ಇಷ್ಟು ಮಾತನ್ನು ಬಿಡಿಸಿ ಹೇಳಲು 2015ರ ಫೆಬ್ರುವರಿವರೆಗೆ ಕಾಯಬೇಕಾಯಿತು, ಅದೂ ವಿದೇಶಾಂಗ ಸಚಿವಾಲಯದ ಪ್ರಶ್ನೋತ್ತರದ ರೂಪದಲ್ಲಿ. ಪ್ರಶ್ನೋತ್ತರಕ್ಕೆ ಕಾನೂನಿನ ಬಲವಿಲ್ಲವೆಂಬುದು ಯಾವ ವಕೀಲರಿಗೆ ಗೊತ್ತಿಲ್ಲ?

ಅದೇ ವರ್ಷ ಸರ್ಕಾರಿ ಮರುವಿಮಾ ಕಂಪನಿ ಜಿಐಸಿ ರೀ ಮುಂದಾಳತ್ವದಲ್ಲಿ ₹1,500 ಕೋಟಿಯ ವಿಮಾ ನಿಧಿ ರೂಪುಗೊಂಡಿತು. ದೇಶೀ ಪೂರೈಕೆದಾರರಿಗೆ ಅದು ಒಂದಿಷ್ಟು ಉಸಿರು ಕೊಟ್ಟಿತು. 2017ರಲ್ಲಿ ಒಪ್ಪಿಗೆ ಸಿಕ್ಕ 700 ಮೆಗಾವಾಟಿನ ಹತ್ತು ದೇಶೀ ರಿಯಾಕ್ಟರುಗಳಲ್ಲಿ ಕೈಗಾ 5, 6 ಕೂಡ ಇವೆ. ಫ್ರೆಂಚ್ ತಂತ್ರಜ್ಞಾನದ ಜೈತಾಪುರ (ಮಹಾರಾಷ್ಟ್ರ), ಅಮೆರಿಕದ ತಂತ್ರಜ್ಞಾನದ ಕೋವ್ವಾಡ (ಆಂಧ್ರ) ಸ್ಥಾವರಗಳು ಮಾತ್ರ ಕಾಗದದಲ್ಲೇ ಉಳಿದವು. ಇವುಗಳ ವಿಳಂಬಕ್ಕೆ ದರದ ಜಗ್ಗಾಟವೂ ಕಾರಣವೇ, ಪೂರ್ತಿ ಹೊಣೆಯನ್ನು 17(ಬಿ)ಗೆ ಹೊರಿಸುವುದು ಸುಲಭದ ಲೆಕ್ಕ.

2047ಕ್ಕೆ 100 ಗಿಗಾವಾಟ್ ಪರಮಾಣು ವಿದ್ಯುತ್ ಎಂದು 2025ರ ಬಜೆಟ್ ಗುರಿ ಹಾಕಿತು. ಖಾಸಗಿಯವರು ಬಾರದೆ ಅದು ಆಗದು. ಅದೇ ಡಿಸೆಂಬರಿನಲ್ಲಿ ‘ಶಾಂತಿ’ ಎಂಬ ಹೊಸ ಅಣುಶಕ್ತಿ ಮಸೂದೆ ಸಂಸತ್ತಿನಲ್ಲಿ ಪಾಸಾಗಿ 1962 ಮತ್ತು 2010ರ ಎರಡೂ ಕಾಯ್ದೆಗಳ ಜಾಗಕ್ಕೆ ಬಂತು. ದೋಷಯುಕ್ತ ಉಪಕರಣಕ್ಕಾಗಿ ಕಾನೂನೇ ಕೊಟ್ಟಿದ್ದ ವಸೂಲಿ ಹಕ್ಕು ಹೋಯಿತು. ಇನ್ನು ಲಿಖಿತ ಗುತ್ತಿಗೆಯಲ್ಲಿದ್ದರೆ, ಇಲ್ಲವೇ ಬೇಕೆಂದೇ ಹಾನಿ ಮಾಡಿದ್ದರೆ ಮಾತ್ರ. ನಿರ್ವಾಹಕನ ಹೊಣೆ ರಿಯಾಕ್ಟರಿನ ಉಷ್ಣ ಸಾಮರ್ಥ್ಯದ ಮೇಲೆ ₹100 ಕೋಟಿಯಿಂದ ₹3,000 ಕೋಟಿವರೆಗೆ. 700 ಮೆಗಾವಾಟಿನ ಕೈಗಾ ಘಟಕಕ್ಕೆ ಬೀಳುವುದು 2010ರ ಅದೇ ₹1,500 ಕೋಟಿ, ಹದಿನೈದು ವರ್ಷದ ಬೆಲೆಯೇರಿಕೆ ಲೆಕ್ಕಕ್ಕಿಲ್ಲ. ಒಂದು ಅವಘಡಕ್ಕೆ ಒಟ್ಟು ಪರಿಹಾರದ ಮಿತಿ ಮೊದಲಿನಂತೆ 30 ಕೋಟಿ ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಏಕಮಾನ), ಅಂದರೆ ಮೂರೂವರೆ ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ನಿರ್ವಾಹಕನ ಪಾಲು ಮುಗಿದ ಮೇಲೆ ಆ ಮಿತಿಯವರೆಗಿನ ವ್ಯತ್ಯಾಸ ತುಂಬುವುದು ಕೇಂದ್ರದ ಬೊಕ್ಕಸ.