ಒಡೆದ ಥರ್ಮಾಮೀಟರಿನ ಪಾದರಸ ಎಲ್ಲಿಗೆ ಹೋಯಿತು?

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಚಿಕ್ಕ ಕ್ಲಿನಿಕ್ಕೊಂದಿತ್ತು. ನಾನು ಹುಡುಗನಾಗಿದ್ದಾಗ ಅಲ್ಲಿ ಥರ್ಮಾಮೀಟರ್ ಬಿದ್ದು ಒಡೆಯಿತು. ಕೆಂಪು ನೆಲದ ಮೇಲೆ ಬೆಳ್ಳಿ ಗುಂಡುಗಳು ಓಡಾಡಿದವು. ಬೆರಳಲ್ಲಿ ತಳ್ಳಿ ಒಂದಕ್ಕೊಂದು ಕೂಡಿಸುತ್ತಾ ಆಡಿದೆ. ಆಮೇಲೆ ಆಯಾ ಪೊರಕೆಯಲ್ಲಿ ಗುಡಿಸಿ ಹೊರಗೆ ಚೆಲ್ಲಿದರು. ತಪ್ಪು ಅಂತ ಯಾರಿಗೂ ಗೊತ್ತಿರಲಿಲ್ಲ.

ಜಗತ್ತಿಗೆ ಗೊತ್ತಾಗಿ ಆಗಲೇ ದಶಕಗಳಾಗಿದ್ದವು. ಜಪಾನಿನ ಮಿನಮಾಟದಲ್ಲಿ ಕಾಯಿಲೆ ಬೆಳಕಿಗೆ ಬಂದದ್ದು 1956ರಲ್ಲಿ. ಮೀನು ತಿಂದವರ ಕೈ ನಡುಗಿತು, ಕಣ್ಣು ಮಂಜಾಯಿತು, ಮಾತು ತೊದಲಿತು. ಕಾರ್ಖಾನೆಯ ನೀರಿನಲ್ಲಿದ್ದ ಮೀಥೈಲ್ ಪಾದರಸವೇ ಕಾರಣ ಅಂತ ಸರ್ಕಾರ ಒಪ್ಪಿದ್ದು 1968ರಲ್ಲಿ. ಅಷ್ಟರಲ್ಲಿ ಹೊಟ್ಟೆಯಲ್ಲಿದ್ದ ಮಕ್ಕಳ ಮಿದುಳಿಗೂ ಪೆಟ್ಟು ಬಿದ್ದಿತ್ತು.

ನಮ್ಮೂರು ಹತ್ತಿ ಗಿರಣಿಗಳ ಊರು. ಬಟ್ಟೆಗೆ ಹೊಳಪು ಕೊಡೋಕೆ ಕಾಸ್ಟಿಕ್ ಸೋಡಾ ಬೇಕು. ಬೇರೆ ಊರಿನ ಕಾರ್ಖಾನೆಗಳು ಅದನ್ನು ಬಹುಕಾಲ ಪಾದರಸದ ತೊಟ್ಟಿಗಳಲ್ಲೇ ತಯಾರಿಸಿದವು. ಆಮೇಲೆ ಪಾದರಸದ ಬದಲು ತೆಳು ಪೊರೆ ಬಳಸುವ ತಂತ್ರಜ್ಞಾನ ಬಂತು, ಪಾದರಸ ಬೇಕಾಗಲಿಲ್ಲ. ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಪಾದರಸ ಹತ್ತಿದ ಗಾಜು ಅಲ್ಲಿನ ಗುಜರಿಯಲ್ಲಿ ಸಿಕ್ಕಿತ್ತು. ಪಾದರಸದ ಬಳಕೆ ತಗ್ಗಿಸುವ, ಮಿನಮಾಟದ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2014ರಲ್ಲಿ ಸಹಿ ಹಾಕಿ, 2018ರಲ್ಲಿ ಅನುಮೋದಿಸಿತು. ಕೆಲವು ಬಳಕೆಗೆ 2025ರವರೆಗೆ ಸಮಯವನ್ನೂ ಕೇಳಿಕೊಂಡಿತು.

ಕಾರ್ಖಾನೆಯ ಕಡೆ ಹೀಗೆ ಒಂದೊಂದೇ ಬಾಗಿಲು ಮುಚ್ಚಿತು. ಆದರೆ ಆಗಲೇ ಊರೂರಿಗೆ ಬಂದು ಕೂತಿದ್ದ ಪಾದರಸ?

ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜು, ಡೆಂಟಲ್ ಕಾಲೇಜು ಎಲ್ಲಾ ಇವೆ. ಕ್ಲಿನಿಕ್ಕುಗಳಂತೂ ಬೀದಿಗೊಂದು. ಒಂದು ಥರ್ಮಾಮೀಟರಿನಲ್ಲಿ ಸುಮಾರು 1 ಗ್ರಾಂ ಪಾದರಸ ಇರುತ್ತದೆ. ಹಳೆಯ ಬಿಪಿ ಯಂತ್ರದಲ್ಲಿ ಹತ್ತಾರು ಗ್ರಾಂ. ಹಲ್ಲಿಗೆ ತುಂಬುವ ಬೆಳ್ಳಿ ಬಣ್ಣದ ಮಿಶ್ರಣದಲ್ಲಿ ಹತ್ತಿರ ಹತ್ತಿರ ಅರ್ಧ ಪಾದರಸವೇ. ಪಾದರಸದ ಗುಂಡು ನುಂಗಿದರೆ ಮೈಗೆ ಹತ್ತುವುದು ತೀರಾ ಕಡಿಮೆ. ಅಪಾಯ ಇರುವುದು ಕಣ್ಣಿಗೆ ಕಾಣದ ಆವಿಯಲ್ಲಿ. ಉಸಿರಿಗೆ ಸೇರಿದ ಆವಿಯಲ್ಲಿ ಸುಮಾರು 80% ಮೈಯಲ್ಲೇ ಉಳಿಯುತ್ತದೆ. ಪೊರಕೆ ಆಡಿಸಿದರೆ ಗುಂಡು ಚೂರುಚೂರಾಗಿ ಆವಿ ಇನ್ನೂ ಜಾಸ್ತಿ. ಕಿಟಕಿ ತೆರೆದು, ಮಕ್ಕಳನ್ನು ಹೊರಗೆ ಕಳಿಸಿ, ಗಟ್ಟಿ ಕಾಗದದಲ್ಲಿ ಎತ್ತಿ ಮುಚ್ಚಳದ ಬಾಟಲಿಗೆ ಹಾಕಬೇಕು. ಇದಿಷ್ಟೇ ವಿಷಯ, ಆದರೆ ಹೇಳಿಕೊಟ್ಟವರು ಕಮ್ಮಿ ಅಲ್ವಾ?

2010ರಲ್ಲಿ ಕೇಂದ್ರ ಸರ್ಕಾರದ ಆಸ್ಪತ್ರೆಗಳಿಗೆ ಪಾದರಸದ ಸಲಕರಣೆ ಬಿಡಲು ಸೂಚನೆ ಬಂತು. ಡಿಜಿಟಲ್ ಬಂದು ಗಾಜಿನದು ಮೂಲೆ ಸೇರಿತು. ಪಾದರಸ ತುಂಬಿದ ಆ ಬಾಟಲಿ ಕೊಡೋದಾದರೂ ಎಲ್ಲಿಗೆ ಅನ್ನೋದಕ್ಕೆ ನಮ್ಮ ಬೀದಿಯಲ್ಲಿ ಈಗಲೂ ಉತ್ತರ ಇಲ್ಲ. ಟ್ಯೂಬ್‌ಲೈಟನ್ನು 2016ರ ನಿಯಮ ಇ-ತ್ಯಾಜ್ಯ ಅಂತ ಕರೆಯಿತು. ಪ್ರತಿಯೊಂದರಲ್ಲೂ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಎಲ್ಲರೂ ಎಲ್ಇಡಿಗೆ ಬದಲಾಗುತ್ತಿದ್ದಾರೆ, ಹಳೆಯವು ರಾಶಿ ಬೀಳುತ್ತಿವೆ. ಮೊನ್ನೆ ಬೆಳಿಗ್ಗೆ ಕಸದ ಗಾಡಿಯ ಹೆಣ್ಣುಮಗಳೊಬ್ಬಳು ನಾಲ್ಕು ಉದ್ದನೆಯ ಟ್ಯೂಬ್‌ ಹಿಡಿದು ನಿಂತಿದ್ದಳು. ಗಾಡಿಯಲ್ಲಿ ಜಾಗ ಸಾಲಲಿಲ್ಲ. ಬರಿಗೈಯಲ್ಲೇ ಗಾಡಿಯ ಅಂಚಿಗೆ ಬಡಿದು ಮುರಿದಳು. ಬಿಳಿ ಪುಡಿ ಅವಳ ಮುಖದ ಹತ್ತಿರವೇ ಎದ್ದಿತು.